ನಡುವೆ ಪಾರ್ಕು, ಗೇಟಿಗೆ ಬೀಗ: ಎಲ್ಲರಿಗೂ ತೆಗೆಯೋದು ಹೇಗೆ?

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು 46 ಮನೆಗಳ ಹಳೆಯ ಲೇಔಟ್. ನಡುವೆ 12 ಗುಂಟೆಯ ಚೌಕಾದ ಪಾರ್ಕು. ಮೂರು ಕಡೆ ರಸ್ತೆ, ನಾಲ್ಕನೇ ಕಡೆ ನಮ್ಮ ಸಾಲಿನ ಮನೆಗಳ ಹಿತ್ತಲು. ಸುತ್ತ ಗ್ರಿಲ್, ಒಂದು ದೊಡ್ಡ ಗೇಟು, ಗೇಟಿಗೆ ಬೀಗ, ಮನೆಗೊಂದು ಕೀ. ಗಿಡ ನೆಟ್ಟವರು, ಬೋರ್ ಹಾಕಿಸಿದವರು, ಮಾಲಿಗೆ ಸಂಬಳ ಕೊಡುವವರು ಎಲ್ಲಾ ನಾವೇ. ಮಧ್ಯದ ದೊಡ್ಡ ಬೇವಿನ ಮರ ನಮ್ಮ ಮಾವನವರು ನೆಟ್ಟಿದ್ದು. ಹಿಂದಿನ ಓಣಿಯ ಹುಡುಗರು ದಿನಾ ಗ್ರಿಲ್ ಹತ್ತಿ ಒಳಗೆ ಬರುತ್ತಾರೆ. ಜೀನ್ಸ್ ಹೊಲಿಗೆ ಕೆಲಸ ಮುಗಿಸಿ ಬರುವ ಹೆಣ್ಣುಮಕ್ಕಳು ಗೇಟಿನ ಹೊರಗೆ ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ. ಎಲ್ಲರಿಗೂ ತೆಗೆಯೋಣ ಅಂತ ನಾನು ಸಂಘದ ಸಭೆಯಲ್ಲಿ ಅಂದೆ. ಅರ್ಧ ಜನ ಎದ್ದು ಹೋದರು. "ನಮ್ಮ ದುಡ್ಡಿನ ಪಾರ್ಕು, ಊರಿಗೆಲ್ಲ ಯಾಕೆ?" ಅನ್ನುತ್ತಾರೆ. ಸರ್, ಇದು ನಿಜವಾಗಿಯೂ ಖಾಸಗಿ ಪಾರ್ಕಾ? ಒಮ್ಮೆ ತೆಗೆದರೆ ಮತ್ತೆ ಮುಚ್ಚೋಕೆ ಬರಲ್ವಾ? ಹಾಳಾಗದ ಹಾಗೆ ತೆಗೆಯೋದು ಹೇಗೆ? ಮನೆಮನೆಯಲ್ಲಿರುವ 46 ಕೀಗಳನ್ನು ಏನು ಮಾಡೋದು?
(ಲೇಔಟ್ ಸಂಘದ ಕಾರ್ಯದರ್ಶಿ, ಬಳ್ಳಾರಿ)

ಉತ್ತರ: ಮೊದಲು ನಿಮ್ಮ ಮನೆಯ ಕ್ರಯಪತ್ರ ಬೀರುವಿನಿಂದ ಹೊರಗೆ ತೆಗೆಯಿರಿ. ಕೊನೆಯ ಪುಟಗಳಲ್ಲಿ ಷೆಡ್ಯೂಲ್ ಇರುತ್ತದೆ, ಅದರಲ್ಲಿ ಚೆಕ್ಕುಬಂದಿ. ಪೂರ್ವಕ್ಕೆ ಇಂಥ ನಂಬರಿನ ಸೈಟು, ಉತ್ತರಕ್ಕೆ 30 ಅಡಿ ರಸ್ತೆ ಅಂತೆಲ್ಲ ಬರೆದಿರುತ್ತಾರಲ್ಲ, ಅದು. ನಿಮ್ಮ ಹಿತ್ತಲು ಪಾರ್ಕಿಗೆ ತಾಗಿದೆ ಅಂದಿದ್ದೀರಿ. ಹಾಗಾದರೆ ಆ ದಿಕ್ಕಿಗೆ ಏನು ಬರೆದಿದೆ? 'ಪಾರ್ಕು' ಅಂತಲೋ 'ಉದ್ಯಾನಕ್ಕೆ ಬಿಟ್ಟ ಜಾಗ' ಅಂತಲೋ ಇದ್ದರೆ ನಿಮ್ಮ ಸಭೆಯ ಅರ್ಧ ಜಗಳ ಅಲ್ಲಿಗೇ ಮುಗಿಯಿತು.

ನಾನು ಕೆಲಸ ಮಾಡಿದಷ್ಟು ವರ್ಷವೂ ಲೇಔಟ್ ನಕ್ಷೆಗಳನ್ನೇ ನೋಡಿದವನು. 'ಇದು ನಮ್ಮ ಖಾಸಗಿ ಪಾರ್ಕು' ಅಂತ ನನಗೆ ತೋರಿಸಿದ ಜಾಗಗಳಲ್ಲಿ ಬಹಳಷ್ಟು ಖಾಸಗಿ ಆಗಿರಲೇ ಇಲ್ಲ. ಖಾಸಗಿ ಅನ್ನೋದಕ್ಕೆ ಅಲ್ಲಿದ್ದ ಒಂದೇ ಆಧಾರ ಬೀಗ. ನಿಮ್ಮ ಪತ್ರ ಓದುವಾಗಲೂ 12 ಗುಂಟೆ ಅನ್ನೋ ಅಳತೆ ಕಣ್ಣಿಗೆ ಬಿತ್ತು. 46 ಮನೆ, ರಸ್ತೆ, ಪಾರ್ಕು ಎಲ್ಲ ಸೇರಿದರೆ ಸುಮಾರು ಮೂರು ಎಕರೆ ಹೊಲ ಆಗಬಹುದು. ಮೂರು ಎಕರೆ ಅಂದರೆ 120 ಗುಂಟೆ. ಅದರಲ್ಲಿ ಹತ್ತನೇ ಒಂದು ಪಾಲು ಎಷ್ಟು? ಸರಿಯಾಗಿ 12.

ಇದು ಸುಮ್ನೆ ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಹೊಲವನ್ನು ಎನ್‌ಎ (ಕೃಷಿಯೇತರ ಜಮೀನು) ಮಾಡಿಸಿ ಸೈಟು ಹಾಕಬೇಕಾದರೆ ಯೋಜನಾ ಪ್ರಾಧಿಕಾರದಿಂದ ನಕ್ಷೆ ಮಂಜೂರಾಗಬೇಕು. ಬಳ್ಳಾರಿಯಲ್ಲಿ ಅದು ಬುಡಾ, ಅಂದರೆ ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಮಾಲೀಕರು ಇಡೀ ಹೊಲವನ್ನು ಸೈಟು ಮಾಡಿ ಮಾರುವ ಹಾಗಿಲ್ಲ. ರಸ್ತೆಗೆ ಇಷ್ಟು, ಪಾರ್ಕಿಗೆ ಇಷ್ಟು, ನಾಗರಿಕ ಸೌಲಭ್ಯಕ್ಕೆ ಇಷ್ಟು ಅಂತ ಬಿಡಬೇಕು. ಪಾರ್ಕಿಗೆ ಸಾಮಾನ್ಯವಾಗಿ ಶೇ 10. ಮಂಜೂರಾದ ವರ್ಷ, ಲೇಔಟಿನ ಗಾತ್ರ ನೋಡಿ ಅದು ಸ್ವಲ್ಪ ಆಚೀಚೆ ಆಗುತ್ತದೆ. ಹೀಗೆ ಬಿಟ್ಟ ರಸ್ತೆ, ಪಾರ್ಕುಗಳನ್ನು ದುಡ್ಡು ತೆಗೆದುಕೊಳ್ಳದೆ ಸರ್ಕಾರದ ಕಡೆಗೆ ಬರೆದುಕೊಡಬೇಕು. ಹಸ್ತಾಂತರ ಅನ್ನೋದು ಇದಕ್ಕೇ.

ಈಗ ಗೊಂದಲ ಶುರುವಾಗೋದು ಎಲ್ಲಿ ಅಂದರೆ, ಬರೆದುಕೊಟ್ಟ ಮೇಲೆ. ಕಾಗದ ಕಡತಕ್ಕೆ ಸೇರುತ್ತದೆ. ಜಾಗಕ್ಕೆ ಯಾರೂ ಬರುವುದಿಲ್ಲ. ಜಾಲಿ ಬೆಳೆಯುತ್ತದೆ, ಕಟ್ಟಡ ಒಡೆದ ಮಣ್ಣು ತಂದು ಸುರಿಯುತ್ತಾರೆ, ಹಂದಿ ಬರುತ್ತವೆ. ಆಗ ನಿಮ್ಮ ಮಾವನವರಂಥ ನಾಲ್ಕು ಜನ ಸೇರಿ, ಜಾಲಿ ಕಡಿಸಿ, ಸುತ್ತ ಗ್ರಿಲ್ ಹಾಕಿಸಿ, ಗಿಡ ನೆಡುತ್ತಾರೆ. ದನ, ಹಂದಿ ಬರಬಾರದು ಅಂತ ಬೀಗ ಹಾಕುತ್ತಾರೆ. ಹಂದಿಗೆ ಹಾಕಿದ ಬೀಗ ಹತ್ತು ವರ್ಷ ಆದ ಮೇಲೆ ಹಿಂದಿನ ಓಣಿಯ ಹುಡುಗರಿಗೆ ಹಾಕಿದ ಬೀಗ ಆಗುತ್ತದೆ. ಬೇಕಂತ ಯಾರೂ ಹಾಗೆ ಮಾಡಿರುವುದಿಲ್ಲ, ಅಲ್ವಾ?

ಹಾಗಾಗಿ ಕಾಗದ ತರಿಸಿ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ಮೀರಬಾರದು. ಸಂಘದ ಇತಿಹಾಸ ಎಲ್ಲ ಬರೆಯಬೇಡಿ. ಸರ್ವೆ ನಂಬರ್ ಹಾಕಿ ಮೂರೇ ಕಾಗದ ಕೇಳಿ: ಮಂಜೂರಾದ ಲೇಔಟ್ ನಕ್ಷೆಯ ಪ್ರತಿ, ಪಾರ್ಕು ಹಸ್ತಾಂತರ ಮಾಡಿದ ಪತ್ರದ ಪ್ರತಿ, ಪಾಲಿಕೆಯ ಆಸ್ತಿ ರಿಜಿಸ್ಟರಿನಲ್ಲಿ ಆ ಜಾಗದ ನಮೂದು. ಬುಡಾಕ್ಕೆ ಒಂದು, ಮಹಾನಗರ ಪಾಲಿಕೆಗೆ ಒಂದು, ಬೇರೆ ಬೇರೆ ಅರ್ಜಿ ಹಾಕಿ. ಯಾವ ಊರಲ್ಲಾದರೂ ಇಂಥ ಕಡತ ಎರಡು ಕಚೇರಿಗಳ ನಡುವೆ ಎಲ್ಲೋ ಇರುತ್ತದೆ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಲ್ಲೇ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ರಾಯಚೂರು, ಕೊಪ್ಪಳದವರಿಗೂ ದಾರಿ ಇದೇ, ಕಚೇರಿಯ ಹೆಸರು ಮಾತ್ರ ಬೇರೆ.

ಹಸ್ತಾಂತರ ಪತ್ರ ಸಿಕ್ಕರೆ ವಿಷಯ ಸ್ಪಷ್ಟ. ಪಾರ್ಕು ಸಾರ್ವಜನಿಕರದ್ದು, ನೋಡಿಕೊಂಡು ಬಂದಿರೋದು ನೀವು. ಪತ್ರ ಸಿಗದೆ ನಕ್ಷೆಯಲ್ಲಿ ಮಾತ್ರ ಪಾರ್ಕು ಅಂತ ಇದ್ದರೂ ನಿಮ್ಮ ಸಂಘದ್ದು ಅಂತ ಆಗುವುದಿಲ್ಲ. ದೆಹಲಿಯ ಒಂದು ಲೇಔಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರ ದಶಕದಲ್ಲೇ ಹೇಳಿದೆ: ಪಾರ್ಕಿಗೆ ಅಂತ ಬಿಟ್ಟ ಮೇಲೆ, ಹೆಸರು ಲೇಔಟ್ ಮಾಡಿದವನದ್ದೇ ಉಳಿದರೂ ಅವನು ಆ ಜಾಗಕ್ಕೆ ಟ್ರಸ್ಟಿ ಇದ್ದಂತೆ. ಮಾರಲು ಬರುವುದಿಲ್ಲ, ಬೇರೆಯದಕ್ಕೆ ಬಳಸಲು ಬರುವುದಿಲ್ಲ. ಮಾಲೀಕನಿಗೇ ಇಲ್ಲದ ಅಧಿಕಾರ ಸಂಘಕ್ಕೆ ಎಲ್ಲಿಂದ ಬರಬೇಕು?

ಎದ್ದು ಹೋದ ಆ ಅರ್ಧ ಜನರಿಗೆ ಹೇಳೋಕೆ ಒಂದು ಕಥೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಇಟ್ಟ ಜಾಗವನ್ನು ಎಪ್ಪತ್ತರ ದಶಕದಲ್ಲಿ ಒಂದು ಖಾಸಗಿ ಟ್ರಸ್ಟಿಗೆ ನರ್ಸಿಂಗ್ ಹೋಂ ಕಟ್ಟೋಕೆ ಕೊಟ್ಟರು. ಸುತ್ತಮುತ್ತಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ತೀರ್ಪು ಕೊಟ್ಟಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಪ್ರಕರಣ ಅಂದರೆ ಯಾವ ವಕೀಲರಿಗಾದರೂ ಗೊತ್ತು. ಆ ನಿವಾಸಿಗಳು ಗೆದ್ದದ್ದು ಹೇಗೆ? 'ಇದು ನಮ್ಮದು' ಅಂತ ಹೇಳಿ ಅಲ್ಲ. 'ಇದು ಎಲ್ಲರದು, ಒಬ್ಬರಿಗೆ ಕೊಡಬೇಡಿ' ಅಂತ ಹೇಳಿ. ನಾಳೆ ನಿಮ್ಮ ಪಾರ್ಕಿನ ಮೇಲೆ ಯಾರಾದರೂ ಕಣ್ಣು ಹಾಕಿದರೆ ನೀವೂ ಧಾರವಾಡದ ಹೈಕೋರ್ಟ್ ಪೀಠದ ಮುಂದೆ ಇದೇ ಮಾತು ಹೇಳಬೇಕು. ಅಲ್ಲಿ ಎದುರು ಪಾರ್ಟಿಯ ವಕೀಲರು, "ಸ್ವಾಮಿ, ಇವರು ಹತ್ತು ವರ್ಷದಿಂದ ಬೀಗ ಹಾಕಿಕೊಂಡು ಕೂತಿದ್ದಾರೆ" ಅಂತ ಒಂದು ಫೋಟೋ ಇಟ್ಟರೆ ನಿಮ್ಮ ಮುಖ ಎಲ್ಲಿ ಇಡುತ್ತೀರಿ?

ಬೀಗ ಹಾಕಿದ ಪಾರ್ಕಿಗೆ ಇನ್ನೊಂದು ಅಪಾಯ ಒಳಗಿನಿಂದಲೇ ಬರುತ್ತದೆ. ಮೂಲೆಯಲ್ಲಿ ಸಂಘಕ್ಕೆ ಒಂದು ಸಣ್ಣ ರೂಮು. ಆಮೇಲೆ ನೀರಿನ ಟ್ಯಾಂಕು. ಆಮೇಲೆ ಒಂದು ಗುಡಿ. ಪಾರ್ಕು, ರಸ್ತೆಗಳಂಥ ಸಾರ್ವಜನಿಕ ಜಾಗದಲ್ಲಿ ಅನುಮತಿ ಇಲ್ಲದೆ ಹೊಸ ಗುಡಿ, ಮಸೀದಿ, ಚರ್ಚು ಏಳಕೂಡದು ಅಂತ ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದೇ ಆದೇಶ ಮಾಡಿದೆ. ಪಾರ್ಕು, ಆಟದ ಬಯಲುಗಳನ್ನು ಬೇರೆ ಕೆಲಸಕ್ಕೆ ಬಳಸದಂತೆ ತಡೆಯೋಕೆ ರಾಜ್ಯದ್ದೇ 1985ರ ಕಾಯ್ದೆ ಇದೆ. ಆದರೆ ಕಾಯ್ದೆಗಿಂತ ಮೊದಲು ಅಲ್ಲಿ ನಾಲ್ಕು ಜನ ಓಡಾಡಬೇಕು. ಜನ ಓಡಾಡುವ ಜಾಗದಲ್ಲಿ ರಾತ್ರೋರಾತ್ರಿ ಕಲ್ಲು ನೆಡೋದು ಕಷ್ಟ.

ನಿಮ್ಮ ಸಾಲಿನ ಮನೆಗಳ ಹಿತ್ತಲ ಬಾಗಿಲ ಬಗ್ಗೆ ನೀವು ಬರೆದಿಲ್ಲ. ಆದರೆ ಬಾಗಿಲು ಇದ್ದೇ ಇರುತ್ತವೆ ಅಂತ ನನ್ನ ಊಹೆ. ಹಿತ್ತಲಿಂದ ನೇರ ಪಾರ್ಕಿಗೆ. ಇಂಥ ಸಾಲುಗಳನ್ನು ನಾನು ಬಹಳ ನೋಡಿದ್ದೇನೆ. ಮೊದಲು ಬಾಗಿಲ ಹೊರಗೆ ಒಂದು ತುಳಸಿ ಕಟ್ಟೆ. ಮಾರನೇ ವರ್ಷ ಬಟ್ಟೆ ಒಗೆಯುವ ಕಲ್ಲು. ಮೂರನೇ ವರ್ಷ ಆ ಕಲ್ಲಿನ ಸುತ್ತ ಒಂದೂವರೆ ಅಡಿ ಗೋಡೆ. ಒಂದು ಕಡೆ ಸೆಪ್ಟಿಕ್ ಟ್ಯಾಂಕೇ ಪಾರ್ಕಿನೊಳಗೆ ಇತ್ತು, ಮೇಲೆ ಹುಲ್ಲು ಬೆಳೆಸಿದ್ದರು. ಹುಲ್ಲು ಅಲ್ಲಿ ಮಾತ್ರ ಬೇಸಿಗೆಯಲ್ಲೂ ಹಸಿರಾಗಿತ್ತು, ಅದರಿಂದಲೇ ಸಿಕ್ಕಿಬಿದ್ದರು. ನಕ್ಷೆ ಕೈಗೆ ಬಂದ ದಿನ ಟೇಪ್ ಹಿಡಿದು ನಿಮ್ಮ ಸಾಲಿನ ಹಿತ್ತಲ ಗೆರೆಯನ್ನು ನೀವೇ ಅಳೆಯಿರಿ, ನಿಮ್ಮ ಮನೆಯಿಂದಲೇ ಶುರು ಮಾಡಿ. ಇಲ್ಲದಿದ್ದರೆ 'ಎಲ್ಲರಿಗೂ ತೆಗೆಯೋಣ' ಅನ್ನುವ ಕಾರ್ಯದರ್ಶಿಯ ಮಾತಿಗೆ ತೂಕ ಇರುವುದಿಲ್ಲ.

'ನಮ್ಮ ದುಡ್ಡು' ಅನ್ನುವವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಬೋರ್ ಹಾಕಿಸಿದ್ದು ನಿಜ, ಮಾಲಿಗೆ ಸಂಬಳ ಕೊಟ್ಟದ್ದು ನಿಜ. ದುಡ್ಡು ಹಾಕಿದ ಮಾತ್ರಕ್ಕೆ ಜಾಗ ನಿಮ್ಮದಾಗಲಿಲ್ಲ, ಅಷ್ಟೇ. ನೋಡಿಕೊಳ್ಳುವ ಹಕ್ಕನ್ನು ಮಾತ್ರ ಬರೆಸಿಕೊಳ್ಳಬಹುದು. ಪಾಲಿಕೆ ಆಯುಕ್ತರಿಗೆ ಪತ್ರ ಕೊಟ್ಟು, ಪಾರ್ಕಿನ ನಿರ್ವಹಣೆ ಸಂಘಕ್ಕೆ ಒಪ್ಪಿಸುವ ಒಡಂಬಡಿಕೆ ಮಾಡಿಕೊಳ್ಳಿ. ತೆಗೆಯುವ ಹೊತ್ತು, ಮುಚ್ಚುವ ಹೊತ್ತು, ನೀರು ಯಾರದು, ಲೈಟಿನ ಬಿಲ್ಲು ಯಾರದು, ಬೆಂಚು ಮುರಿದರೆ ಯಾರು ಹಾಕಿಸಬೇಕು, ಎಲ್ಲ ಅದರಲ್ಲಿ ಇರಲಿ. ಹೀಗೆ ಮಾಡಿದರೆ ಸಂಘದ ಮರ್ಯಾದೆಯೂ ಉಳಿಯುತ್ತದೆ, ಖರ್ಚಿನಲ್ಲಿ ಒಂದಷ್ಟು ಪಾಲಿಕೆ ಕಡೆಗೆ ಹೋಗುತ್ತದೆ. ಸಭೆಯಲ್ಲಿ ಈ ಮಾತು ಮೊದಲು ಹೇಳಿ. ಕಾನೂನು ಆಮೇಲೆ ಹೇಳಿ. ಕೆಲವರು ಎದ್ದು ಹೋಗುವುದು ತಮ್ಮ ದುಡಿಮೆಗೆ ಬೆಲೆ ಸಿಗಲಿಲ್ಲ ಅಂತ.

ಇನ್ನು ಅಪರೂಪಕ್ಕೆ ಪಾರ್ಕು ನಿಜಕ್ಕೂ ಖಾಸಗಿ ಇರುತ್ತದೆ. ಅಪಾರ್ಟ್‌ಮೆಂಟಿನ ಒಳಗಿನ ತೋಟ, ಒಂದು ಮನೆತನದ ಅಥವಾ ಟ್ರಸ್ಟಿನ ಜಾಗ. ಅಂಥಲ್ಲಿ 'ಒಮ್ಮೆ ತೆಗೆದರೆ ಮುಚ್ಚೋಕೆ ಬರಲ್ವಾ' ಅನ್ನುವ ಹೆದರಿಕೆಗೆ ಉತ್ತರ ಬೇರೆ. ಅನುಮತಿ ಕೊಟ್ಟು ಒಳಗೆ ಬಿಟ್ಟರೆ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಅದು ಬರೀ ಲೈಸೆನ್ಸ್. ಕೊಟ್ಟವರು ವಾಪಸ್ ತೆಗೆದುಕೊಳ್ಳಬಹುದು. ದಾರಿಯ ಹಕ್ಕು ಹುಟ್ಟೋದು 20 ವರ್ಷ ಯಾರ ಅನುಮತಿಯೂ ಇಲ್ಲದೆ ಹಕ್ಕು ಅಂತಲೇ ಓಡಾಡಿದರೆ. 'ಮಾಲೀಕರ ಅನುಮತಿಯ ಮೇಲೆ ಪ್ರವೇಶ, ಸಂಜೆ 4ರಿಂದ 8' ಅಂತ ಗೇಟಿಗೆ ಬೋರ್ಡು ಹಾಕಿದರೆ ಆ ಹೆದರಿಕೆ ಹೋಗುತ್ತದೆ. ನ್ಯೂಯಾರ್ಕಿನ ರಾಕ್‌ಫೆಲರ್ ಪ್ಲಾಜಾದವರು ಇದಕ್ಕಾಗಿಯೇ ವರ್ಷಕ್ಕೊಂದು ದಿನ ತಮ್ಮ ರಸ್ತೆ ಮುಚ್ಚುತ್ತಿದ್ದರು, ಜಾಗ ನಮ್ಮದು ಅಂತ ನೆನಪಿಸೋಕೆ. ಒಂದು ಎಚ್ಚರ ಮಾತ್ರ ಬೇಕು. ಲೈಸೆನ್ಸಿನ ಮೇಲೆ ಒಳಗೆ ಬಂದವರು ತಮ್ಮ ಖರ್ಚಿನಲ್ಲಿ ಪಕ್ಕಾ ಕಟ್ಟಡ ಕಟ್ಟಿಕೊಂಡರೆ ಲೈಸೆನ್ಸ್ ವಾಪಸ್ ಪಡೆಯೋದು ಕಷ್ಟ. ಶಾಸಕರ ನಿಧಿಯಿಂದ ಶೆಡ್ ಹಾಕಿಸಿಕೊಂಡರೂ ಅಷ್ಟೇ. ಸರ್ಕಾರದ ದುಡ್ಡು ಒಳಗೆ ಬಂದ ಮೇಲೆ ಖಾಸಗಿ ಅನ್ನೋಕೆ ಬಾಯಿ ಬರುವುದಿಲ್ಲ.

ಸುತ್ತ ಮನೆ, ನಡುವೆ ತೋಟ, ಮನೆಗೊಂದು ಕೀ ಅನ್ನುವ ಏರ್ಪಾಡಿಗೆ ಹೆಸರಾದ ಊರು ಲಂಡನ್. ಅಲ್ಲಿ ಇಂಥ ಚೌಕಗಳು (ಸ್ಕ್ವೇರ್) ನೂರಾರು. 1931ರಲ್ಲಿ ಒಂದು ಕಾಯ್ದೆ ಬಂದು ನಾನೂರಕ್ಕೂ ಹೆಚ್ಚು ಚೌಕಗಳಲ್ಲಿ ಕಟ್ಟಡ ಏಳದಂತೆ ತಡೆಯಿತು. ಆದರೆ ಯಾರ ಬೀಗವನ್ನೂ ತೆಗೆಸಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಕಬ್ಬಿಣ ಬೇಕು ಅಂತ ಎಷ್ಟೋ ಚೌಕಗಳ ಗ್ರಿಲ್ ಕಿತ್ತರು, ಜನ ತಾವಾಗಿ ಒಳಗೆ ಬಂದರು. ಸೋಹೊ ಸ್ಕ್ವೇರ್ 1954ರಿಂದ ಎಲ್ಲರದು. ಬೆಡ್‌ಫರ್ಡ್ ಸ್ಕ್ವೇರಿಗೆ ಮಾತ್ರ ಇವತ್ತಿಗೂ ಬೀಗ ಇದೆ. ನ್ಯೂಯಾರ್ಕಿನಲ್ಲಿ 1831ರಲ್ಲಿ ಶುರುವಾದ ಗ್ರಾಮರ್ಸಿ ಪಾರ್ಕು ಸುಮಾರು ಎರಡು ಎಕರೆ. ಸುತ್ತಲಿನ ಕಟ್ಟಡಗಳವರಿಗೆ ಬಿಟ್ಟರೆ ಸಾಮಾನ್ಯವಾಗಿ ಬೇರೆಯವರಿಗೆ ಕೀ ಇಲ್ಲ. ಅವು ಕಾಗದದಲ್ಲೇ ಖಾಸಗಿ ಅನ್ನೋದು ಬೇರೆ ಮಾತು. ಅಲ್ಲಿಂದ ನಾವು ತೆಗೆದುಕೊಳ್ಳಬಹುದಾದದ್ದು ಒಂದಿದೆ. 1998ರಿಂದ ಲಂಡನ್ನಿನ ಖಾಸಗಿ ಚೌಕಗಳಲ್ಲಿ ಅನೇಕವು ಜೂನ್ ತಿಂಗಳ ಒಂದು ಶನಿವಾರ, ಭಾನುವಾರ ಗೇಟು ತೆಗೆಯುತ್ತವೆ. ವಾದ ಮಾಡುವ ಬದಲು ಎರಡು ದಿನ ತೆಗೆದು ನೋಡುವುದು.

ನಮ್ಮ ಕಡೆ ಅದಕ್ಕೆ ನಾಗರ ಪಂಚಮಿಗಿಂತ ಒಳ್ಳೆಯ ದಿನ ಇಲ್ಲ. ನಿಮ್ಮಲ್ಲಿ ದೊಡ್ಡ ಬೇವಿನ ಮರ ಇದೆ. ಗಟ್ಟಿ ಟೊಂಗೆ ನೋಡಿ ಎರಡು ಜೋಕಾಲಿ ಕಟ್ಟಿಸಿ. ಗೇಟು ತೆಗೆದಿಡಿ. ಹಿಂದಿನ ಓಣಿಯ ಹೆಣ್ಣುಮಕ್ಕಳನ್ನು ಬಾಯಿಬಿಟ್ಟು ಕರೆಯಿರಿ. ಅಳ್ಳು, ಉಂಡಿ ತರುವವರು ತರುತ್ತಾರೆ. ಪಂಚಮಿ ಶ್ರಾವಣದಲ್ಲಿ ಬರುತ್ತದೆ, ಅಷ್ಟೊತ್ತಿಗೆ ಒಂದೆರಡು ಮಳೆ ಆಗಿ ಧೂಳು ಕೂತಿರುತ್ತದೆ. ಎದ್ದು ಹೋದವರ ಮನೆಯ ಮೊಮ್ಮಕ್ಕಳೂ ಜೋಕಾಲಿಗೆ ಬಂದೇ ಬರುತ್ತಾರೆ. ಬೇಸಿಗೆಯಲ್ಲಿ ಶುರು ಮಾಡಬೇಡಿ. ಆಗ ಹುಲ್ಲು ಹೇಗಿದ್ದರೂ ಒಣಗುತ್ತದೆ, 'ಜನ ಬಂದು ಹಾಳಾಯಿತು' ಅನ್ನುವ ಹೆಸರು ಬರುತ್ತದೆ.

ಒಂದೇ ಸಲ ಪೂರ್ತಿ ತೆಗೆಯಬೇಡಿ ಅಂತ ನಾನು ಹೇಳೋದಕ್ಕೆ ಕಾರಣ ನನ್ನದೇ ತಪ್ಪು. ಊರಿನ ಹೆಸರು ಬೇಡ. ಅಲ್ಲಿನ ಒಂದು ಪಾರ್ಕಿನ ಗೇಟುಗಳನ್ನೇ ಕಿತ್ತು ಹಾಕಿ ಅಂತ ನಾನು ಹುಮ್ಮಸ್ಸಿನಲ್ಲಿ ಸಲಹೆ ಕೊಟ್ಟೆ. ನಾಲ್ಕು ಕಡೆಯಿಂದ ದಾರಿ, ಹಗಲು ರಾತ್ರಿ ಮುಕ್ತ. ಮೊದಲ ವಾರ ಜಾತ್ರೆ. ಎರಡನೇ ತಿಂಗಳು ರಾತ್ರಿ ಕುಡಿಯುವವರು ಬಂದು ಕೂತರು. ಮೂರನೇ ತಿಂಗಳು ಲೈಟುಗಳೆಲ್ಲ ಒಡೆದಿದ್ದವು, ಬೆಂಚಿನ ಕೆಳಗೆ ಬಾಟಲಿ ಚೂರು. ಹೆಂಗಸರು ಬರೋದು ಬಿಟ್ಟರು. ಹೆಂಗಸರು ಬಿಟ್ಟ ಮೇಲೆ ಮಕ್ಕಳೂ ಬಿಟ್ಟರು. ಕೊನೆಗೆ ಹಳೆಯದಕ್ಕಿಂತ ಎತ್ತರದ ಗೇಟು ಬಂತು. ಆ ಊರಲ್ಲಿ ಪಾರ್ಕು ತೆಗೆಯುವ ಮಾತು ಎತ್ತಿದರೆ ಇವತ್ತಿಗೂ ನನ್ನ ಉದಾಹರಣೆ ಕೊಡುತ್ತಾರೆ.

ಆದ್ದರಿಂದ ಗೇಟು ಇರಲಿ. ದೊಡ್ಡ ಗೇಟಿನ ಪಕ್ಕ ಸಣ್ಣದೊಂದು ಮಾಡಿಸಿ, ಬೈಕು ನುಗ್ಗಬಾರದು, ಮಗುವಿನ ತಳ್ಳುಗಾಡಿ, ಗಾಲಿಕುರ್ಚಿ ಹೋಗಬೇಕು. ಬೈಕಿನ ಹ್ಯಾಂಡಲ್ಲಿಗಿಂತ ಗಾಲಿಕುರ್ಚಿಯ ಅಗಲ ಬಹಳ ಕಡಿಮೆ ಇರೋದಿಲ್ಲ ಅನ್ನೋದೇ ತೊಂದರೆ. ಅದಕ್ಕೆ ನೇರ ದಾರಿ ಬಿಡದೆ, ಒಂದು ತಿರುವು ಕೊಟ್ಟು ಕಲ್ಲಿನ ಕಂಬ ನಿಲ್ಲಿಸುತ್ತಾರೆ. ಕುರ್ಚಿ ನಿಧಾನಕ್ಕೆ ತಿರುಗುತ್ತದೆ, ಬೈಕು ತಿರುಗುವುದಿಲ್ಲ. ಗ್ರಿಲ್ ಮೇಲೆ ಹಸಿರು ಬಲೆ, ಫ್ಲೆಕ್ಸು ಕಟ್ಟಿದ್ದರೆ ಬಿಚ್ಚಿಸಿ. ರಸ್ತೆಯಿಂದ ಒಳಗಿನ ಬೆಂಚು ಕಾಣಬೇಕು, ಬೆಂಚಿನಿಂದ ರಸ್ತೆ ಕಾಣಬೇಕು. ನಿಮ್ಮ ಸಾಲಿನವರ ಹಿತ್ತಲ ಕಿಟಕಿಗಳು ಇಲ್ಲಿ ದೊಡ್ಡ ಉಪಕಾರ ಮಾಡುತ್ತವೆ. ಸಂಜೆ ಅಡುಗೆಮನೆಯಲ್ಲಿ ಲೈಟು ಉರಿಯುವಷ್ಟು ಹೊತ್ತು ಪಾರ್ಕಿನಲ್ಲಿ ಯಾರೂ ಬಾಟಲಿ ತೆಗೆಯುವುದಿಲ್ಲ.

ಹೊತ್ತಿನ ವಿಷಯದಲ್ಲಿ ಎಲ್ಲರೂ ಬೆಳಿಗ್ಗೆ 5ರಿಂದ 9, ಸಂಜೆ 4ರಿಂದ 8 ಅಂತ ಬೋರ್ಡು ಬರೆಸುತ್ತಾರೆ. ವಾಕಿಂಗ್ ಮಾಡುವವರ ಹೊತ್ತು ಅದು. ಬಳ್ಳಾರಿಯಲ್ಲಿ ನೆರಳು ಬೇಕಾಗೋದು ಮಧ್ಯಾಹ್ನ. ಹೋದ ಏಪ್ರಿಲ್‌ನಲ್ಲಿ ನಿಮ್ಮಂಥದ್ದೇ ಒಂದು ಪಾರ್ಕಿನ ಮುಂದೆ ಅರ್ಧ ತಾಸು ನಿಂತಿದ್ದೆ. ಒಳಗೆ ಐದು ಕಲ್ಲು ಬೆಂಚು, ಐದೂ ಖಾಲಿ. ಬೇವಿನ ನೆರಳು ಗ್ರಿಲ್ ದಾಟಿ ರಸ್ತೆಗೆ ಬಂದಿತ್ತು. ಕಲ್ಲಂಗಡಿ ಗಾಡಿಯವನು ಆ ನೆರಳಲ್ಲಿ ಗಾಡಿ ನಿಲ್ಲಿಸಿದ್ದ. ನೆರಳು ಸರಿದ ಹಾಗೆ ಗಾಡಿಯನ್ನೂ ಒಂದೊಂದು ಗೇಣು ಸರಿಸುತ್ತಿದ್ದ. ಪಕ್ಕದಲ್ಲಿ ಪಾರ್ಸೆಲ್ ಹಂಚುವ ಹುಡುಗ ಬೈಕಿನ ಮೇಲೆ ಕೂತೇ ಮಂಡಕ್ಕಿ ಒಗ್ಗರಣೆ ಪೊಟ್ಟಣ ಬಿಚ್ಚಿದ. ಮಿರ್ಚಿ ಕಚ್ಚಿ ನೀರಿಗೆ ಸುತ್ತ ನೋಡಿದ. ನಲ್ಲಿ ಗ್ರಿಲ್ಲಿನೊಳಗೆ, ಅವನಿಂದ ಆರಡಿ ದೂರ ಇತ್ತು. ಗೇಟಿನ ಬೀಗ ಮುಟ್ಟಿದರೆ ಕೈ ಸುಡುವಷ್ಟು ಕಾದಿತ್ತು. ಮಧ್ಯಾಹ್ನ 12ರಿಂದ 4ರವರೆಗೂ ತೆಗೆದಿಡಿ ಅಂತ ನಾನು ಹೇಳೋದು ಇದಕ್ಕೆ. ರಾತ್ರಿ 8 ಆದ ಮೇಲೆ ಮುಚ್ಚಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಗೇಟಿನ ಒಳಗೆ ಎರಡು ಮಣ್ಣಿನ ಹರವಿ ಇಟ್ಟು ಅರವಟ್ಟಿಗೆ ಮಾಡಿ. ನಮ್ಮವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹಾಳಾಗೋದರ ಬಗ್ಗೆ ಕೇಳಿದ್ದೀರಿ. ಮೊದಲು ಹಾಳಾಗೋದು ಲಾನು. ಅದನ್ನು ಉಳಿಸೋಕೆ ಒದ್ದಾಡಬೇಡಿ ಅಂತ ನನ್ನ ಅಭಿಪ್ರಾಯ. ಲೆಕ್ಕ ನೋಡಿ. ಒಂದು ಗುಂಟೆ ಅಂದರೆ ಸುಮಾರು 101 ಚದರ ಮೀಟರ್. 12 ಗುಂಟೆಯಲ್ಲಿ 8 ಗುಂಟೆ ಲಾನು ಅಂದುಕೊಂಡರೆ 800 ಚದರ ಮೀಟರ್ ಆಯಿತು. ನಮ್ಮ ಬೇಸಿಗೆಯಲ್ಲಿ ಲಾನು ಹಸಿರಾಗಿ ಇರಬೇಕಾದರೆ ಚದರ ಮೀಟರಿಗೆ ದಿನಕ್ಕೆ ಐದಾರು ಲೀಟರ್ ಬೇಕು. ಅಂದರೆ ದಿನಾ ನಾಲ್ಕರಿಂದ ಐದು ಸಾವಿರ ಲೀಟರ್. ದಿನಕ್ಕೊಂದು ಟ್ಯಾಂಕರ್! ಕುಡಿಯುವ ನೀರಿಗೆ ನಲ್ಲಿ ಮುಂದೆ ಕಾಯುವ ಊರಲ್ಲಿ ಇದು ಯಾರಿಗೆ ಬೇಕು? ನಿಮ್ಮ ಬೋರ್ ಬೇಸಿಗೆಯಲ್ಲಿ ಕೈಕೊಡುತ್ತಿದ್ದರೆ ಅದಕ್ಕೂ ಈ ಹುಲ್ಲೇ ಕಾರಣ ಇರಬಹುದು.

ಮುಕ್ಕಾಲು ಪಾಲು ಲಾನು ತೆಗೆಸಿ ಗರಸು ಹಾಕಿಸಿ, ನೀರು ಹೊಡೆದು ದಮ್ಮಸ್ಸು ಮಾಡಿಸಿ. ಮಕ್ಕಳು ಓಡಲಿ, ಬಿದ್ದರೆ ಮೊಣಕಾಲು ತರಚುತ್ತದೆ ಅಷ್ಟೇ. ಹೊಂಗೆ, ಬೇವು, ಹುಣಸೆ ಸಸಿ ಹಾಕಿ. ಮೊದಲ ಎರಡು ಮೂರು ಬೇಸಿಗೆ ವಾರಕ್ಕೆ ಎರಡು ಸಲ ಗಿಡಕ್ಕೆ ಎರಡೆರಡು ಕೊಡ ನೀರು ಸಾಕು. ಆಮೇಲೆ ಅವು ತಮ್ಮ ಪಾಡು ತಾವು ನೋಡಿಕೊಳ್ಳುತ್ತವೆ. ಹೊಸ ಗೇಟಿಗೆ ಅಡ್ಡ ಬರುತ್ತದೆ ಅಂತ ಇರುವ ಮರ ಮಾತ್ರ ಕಡಿಯಬೇಡಿ. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಗೇಟನ್ನೇ ಸ್ವಲ್ಪ ಸರಿಸಿ.

ಕ್ರಿಕೆಟ್ಟಿಗೆ 12 ಗುಂಟೆ ಸಾಲದು, ಹೇಗೂ ಆಡೇ ಆಡುತ್ತಾರೆ. ರಬ್ಬರ್ ಚೆಂಡು ಮಾತ್ರ ಅಂತ ನಿಯಮ ಮಾಡಿ, ಅದನ್ನು ಕಾಯೋ ಕೆಲಸ ಹಿಂದಿನ ಓಣಿಯ ದೊಡ್ಡ ಹುಡುಗನೊಬ್ಬನಿಗೇ ಕೊಡಿ. ನಿಯಮದ ಬೋರ್ಡಿನಲ್ಲಿ ಐದು ಸಾಲಿಗಿಂತ ಜಾಸ್ತಿ ಬೇಡ. 'ಹೊರಗಿನವರಿಗೆ' ಅನ್ನುವ ಪದ ಆ ಬೋರ್ಡಿನಲ್ಲಿ ಎಲ್ಲೂ ಬರಬಾರದು. ನಿಮ್ಮ ಲೇಔಟಿನ ಮನೆಗಳಲ್ಲಿ ಪಾತ್ರೆ ತೊಳೆಯುವವರ ಮಕ್ಕಳು ಅಮ್ಮನಿಗೆ ಕಾಯುತ್ತಾ ಎಲ್ಲಿ ಕೂರುತ್ತಾರೆ ಅಂತ ಒಂದು ಸಲ ನೋಡಿ ಬಂದು ಬೋರ್ಡು ಬರೆಸಿ.

ಶೌಚಾಲಯ ಬೇಕೇ ಬೇಕು ಅಂತ ಪಾಲಿಕೆಗೆ ಬರೆಯಿರಿ. ಆದರೆ ಅದು ಬರುವ ತನಕ ಗೇಟು ತೆಗೆಯದೆ ಕಾಯಬೇಡಿ.

ಇನ್ನು 46 ಕೀಗಳು. ಮನೆಮನೆಗೆ ಹೋಗಿ ವಾಪಸ್ ಕೇಳಬೇಡಿ, ಅದರಲ್ಲೇ ಹೊಸ ಜಗಳ ಹುಟ್ಟುತ್ತದೆ. ಹೊಸ ಬೀಗ ತನ್ನಿ. ಅದರ ಒಂದು ಕೀ ಮಾಲಿಯ ಹತ್ತಿರ, ಒಂದು ನಿಮ್ಮ ಹತ್ತಿರ. ಮೂರನೆಯದು ಹಿಂದಿನ ಓಣಿಯಲ್ಲಿ ಎಲ್ಲರೂ ಮಾತು ಕೇಳುವ ಒಬ್ಬ ಹಿರಿಯರ ಹತ್ತಿರ ಇರಲಿ. ರಾತ್ರಿ ಮುಚ್ಚೋ ಹೊಣೆ ವಾರಕ್ಕೆ ಮೂರು ದಿನ ಅವರ ಕಡೆಗೆ ಬರಲಿ. ಹಳೆಯ ಕೀಗಳು ಮನೆಗಳಲ್ಲೇ ಮೊಳೆಗೆ ನೇತಾಡಲಿ, ತೊಂದರೆ ಇಲ್ಲ.

ಚೆಕ್ಕುಬಂದಿ ನೋಡಿದ ಮೇಲೆ ನನಗೆ ಒಂದು ಸಾಲು ಬರೆಯಿರಿ. ಅಲ್ಲಿ 'ಪಾರ್ಕು' ಅಂತ ಇರದೆ 'ಮಾರಾಟಗಾರರ ಉಳಿಕೆ ಜಾಗ' ಅಂತ ಇದ್ದರೆ ಮೇಲೆ ಹೇಳಿದ್ದರಲ್ಲಿ ಬಹಳಷ್ಟು ಬದಲಾಗುತ್ತದೆ. ಆಗ ಪಂಚಮಿಯ ಜೋಕಾಲಿಗಿಂತ ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಆ ಸರ್ವೆ ನಂಬರಿನ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಬೇಕು. ಆ ಜಾಗವನ್ನು ನಿಮಗೆ ಗೊತ್ತಿಲ್ಲದ ಹಾಗೆ ಯಾರಾದರೂ ಕೊಂಡಿದ್ದಾರಾ ಅನ್ನೋದು ಅದರಲ್ಲಿ ಕಾಣುತ್ತದೆ.